ಇಳಿಯುವ ಜಾಗ: ಏಳನೇ ಕಂತು

ಯಜಮಾನರು ಕಾಗದವನ್ನು ನನ್ನ ಕಡೆಗೆ ತಳ್ಳಿ, ಅದರ ಮೇಲೆ ಪೆನ್ನಿಟ್ಟು, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು. ಈ ಲಿಫ್ಟ್ ರಿಪೇರಿ ಕಂಪನಿಯಲ್ಲಿ ನಾನು ಸವೆಸಿದ ಮೂವತ್ತೆಂಟು ವರ್ಷಗಳಲ್ಲಿ ಅವರು ನನಗೆ ಮಾಡಿದ ಮೊದಲ ಉಪಕಾರ ಅದು.

ಕಾಗದದಲ್ಲಿ ಆರು ಸಾಲಿದ್ದವು. ನನಗೆ ಓದು ನಿಧಾನ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹೋದೆ. ಸದರಿ ನೌಕರನು ಸಹೋದ್ಯೋಗಿಗಳ ಗಂಟನ್ನು ಕ್ರಿಪ್ಟೊ ವ್ಯಾಪಾರದಲ್ಲಿ ಕಳೆದುಕೊಂಡು, ಮನನೊಂದು, ತಾನಾಗಿಯೇ ಲಿಫ್ಟಿನ ಗುಂಡಿಗೆ ಹಾರಿರುತ್ತಾನೆ ಎಂದಿತ್ತು. ಕೆಳಗೆ ಯಜಮಾನರ ಸಹಿ. ಅದರ ಕೆಳಗೆ ಮೇಸ್ತ್ರಿಯ ಸಹಿ. ಮೂರನೆಯ ಗೆರೆ ಖಾಲಿ.

ಸದರಿ ನೌಕರ ಅಂದರೆ ನನ್ನ ಅಳಿಯ. ಮಂಗಳವಾರದಿಂದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾನೆ, ಇವತ್ತು ಶುಕ್ರವಾರ.

ನಾಲ್ಕು ಗಂಟೆಗೆ ವಿಮೆಯವರು ಬರುತ್ತಾರೆ, ಅಷ್ಟರೊಳಗೆ ಸಹಿ ಬೀಳಬೇಕು ಎಂದರು ಯಜಮಾನರು. ಹಿರಿಯ ಕೆಲಸಗಾರನ ಸಹಿಗೆ ತೂಕ ಇರುತ್ತದಂತೆ, ಅದರಲ್ಲೂ ಅಳಿಯನ ಬಗ್ಗೆ ಮಾವನೇ ಬರೆದುಕೊಟ್ಟರೆ ಯಾರೂ ಎರಡನೇ ಮಾತು ಆಡುವುದಿಲ್ಲವಂತೆ. ಸಹಿ ಬಿದ್ದರೆ ಏನಾಗುತ್ತದೆ ಎಂದು ಕೇಳಿದೆ. ನಿಯಮ ನನಗೂ ಗೊತ್ತಿತ್ತು. ಕೆಲಸದಲ್ಲಿ ಬಿದ್ದವನ ಆಸ್ಪತ್ರೆ ಖರ್ಚು ಕಂಪನಿಯದು. ತಾನಾಗಿ ಹಾರಿದವನದು ಅವನ ಮನೆಯವರದು. ಅಂದರೆ ಇವತ್ತು ಸಂಜೆಗೆ ಔಷಧಿ ನಿಲ್ಲುತ್ತದೆ. ನನ್ನ ಮಗಳ ಕೊರಳಿಗೆ ಕಳ್ಳನ ಹೆಂಡತಿ ಅನ್ನೋ ಹೆಸರು ನೇತುಬೀಳುತ್ತದೆ. ಎರಡೂ ಒಂದೇ ಗೆರೆಯಲ್ಲಿ.

"ಮೂರು ಸಲ ಕೊಂಡಿದ್ದಾನೆ, ಮೂರು ಸಲವೂ ಅವನ ಹೆಬ್ಬೆಟ್ಟು ಬಿದ್ದಿದೆ," ಎಂದರು ಯಜಮಾನರು. "ಹೆಬ್ಬೆಟ್ಟಿಲ್ಲದೆ ಆ ಫೋನಿನಲ್ಲಿ ಏನೂ ಕೊಳ್ಳೋಕಾಗಲ್ಲ. ಇನ್ನೇನು ಸಾಕ್ಷಿ ಬೇಕು ಅಜ್ಜ ನಿಮಗೆ?"

ಅವರು ನೀರಿನ ಲೋಟ ನನ್ನ ಹತ್ತಿರ ಸರಿಸಿದರು. ನಾನು ನೀರು ಮುಟ್ಟಲಿಲ್ಲ. ಸಹಿ ಮಾಡುವ ಮುಂಚೆ ಮೇಸ್ತ್ರಿಯ ಜೊತೆ ಒಂದು ಮಾತು ಇದೆ, ನಾವಿಬ್ಬರೇ ಇರಬೇಕು ಎಂದೆ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಅವರು ಊಟಕ್ಕೆ ಹೊರಟರು. ಹೋಗುವಾಗ ಪೆನ್ನಿನ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಹೋದರು.

ಮೇಸ್ತ್ರಿ ಬರುವವರೆಗೆ ನನ್ನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಚೀಲದಲ್ಲಿ ಎರಡು ವಸ್ತು ಇದ್ದವು. ಒಂದು ತಗಡು. ಒಂದು ತುಂಡು ತಂತಿ.

ತಗಡು ಅಳಿಯನದು.

ಅವನನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಬ್ರೇಕು ಅಂತಲೇ ಕರೆಯುವುದು. ಯಾವ ಕಟ್ಟಡಕ್ಕೆ ಹೋಗಲಿ, ಲಿಫ್ಟ್ ಹೇಗೆ ಮೇಲೆ ಹೋಗುತ್ತದೆ ಅಂತ ನೋಡುವುದಕ್ಕೆ ಮುಂಚೆ ಹೇಗೆ ನಿಲ್ಲುತ್ತದೆ ಅಂತ ನೋಡುವವನು. ಹೆಣ್ಣು ನೋಡುವುದಕ್ಕೆ ಬಂದ ದಿನ ನಮ್ಮ ಮನೆಯ ಮೆಟ್ಟಿಲನ್ನು ಎರಡು ಸಲ ತುಳಿದು ನೋಡಿಯೇ ಒಳಗೆ ಬಂದ. ನನ್ನ ಹೆಂಡತಿ ನಕ್ಕಿದ್ದಳು, ಇವನು ಮಗಳನ್ನು ಬೀಳಿಸುವವನಲ್ಲ ಅಂತ.

ಹನ್ನೊಂದು ಜನ ಮೆಕ್ಯಾನಿಕ್‌ಗಳು ತಿಂಗಳು ತಿಂಗಳು ಒಟ್ಟು ಹಾಕಿದ ಗಂಟು ಅವನ ಕೈಯಲ್ಲಿತ್ತು. ಕಾಯಿನ್ ಬೆಲೆ ಒಂದು ದಾರಿ ಹಿಡಿದು ಏರತೊಡಗಿದರೆ ಅದರ ಜೊತೆ ಹತ್ತುವುದು, ತಿರುಗಿದರೆ ಇಳಿಯುವುದು, ಅಷ್ಟೇ ಅವನ ವ್ಯಾಪಾರ. ಹತ್ತು ಸಲ ಹತ್ತಿದರೆ ಆರೇಳು ಸಲ ಸಣ್ಣ ನಷ್ಟಕ್ಕೆ ಇಳಿದುಬಿಡುತ್ತಿದ್ದ. ಉಳಿದ ಮೂರು ಸಲ ದೂರ ಹೋಗುತ್ತಿತ್ತು, ಆ ಮೂರೇ ಎಲ್ಲವನ್ನೂ ತುಂಬಿಕೊಡುತ್ತಿತ್ತು.

ಹತ್ತುವ ಮುಂಚೆ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಗುಜರಿಗೆ ಹೋದ ಲಿಫ್ಟುಗಳಲ್ಲಿ ಇಷ್ಟು ಜನ, ಇಷ್ಟು ಕಿಲೋ ಎಂದು ಬರೆದ ತಗಡು ಇರುತ್ತದಲ್ಲ, ಅದರ ಬೆನ್ನ ಮೇಲೆ ಬಿಳಿ ಪೇಂಟಿನ ಪೆನ್ನಿನಲ್ಲಿ ಎರಡು ಸಾಲು ಬರೆಯುತ್ತಿದ್ದ. ಮೊದಲನೆಯದು ಇಳಿಯುವ ಜಾಗ. ಬೆಲೆ ಇಲ್ಲಿಗೆ ಬಂದರೆ ನನ್ನ ಎಣಿಕೆ ತಪ್ಪು, ಕಣ್ಣು ಮುಚ್ಚಿ ಇಳಿ. ಎರಡನೆಯದು ಹೊರೆ. ಎಷ್ಟು ಹಾಕಬೇಕು ಅನ್ನೋದು. ಯಾವತ್ತೂ ಮೊದಲು ಇಳಿಯುವ ಜಾಗ, ಆಮೇಲೆ ಹೊರೆ.

ನನಗೂ ಒಂದು ಸಲ ಬಿಡಿಸಿ ಹೇಳಿದ್ದ. ಗಂಟಿನಲ್ಲಿ ನೂರು ರೂಪಾಯಿ ಇದ್ದರೆ ಒಂದು ಸಲಕ್ಕೆ ಕಳೆಯಬಹುದಾದ್ದು ಒಂದೇ ರೂಪಾಯಿ. ಇಳಿಯುವ ಜಾಗ ಕೊಂಡ ಬೆಲೆಗಿಂತ ಹತ್ತರಲ್ಲಿ ಒಂದು ಪಾಲು ಕೆಳಗಿದ್ದರೆ ಹತ್ತು ಹಾಕಬಹುದು, ಬಿದ್ದರೂ ಹೋಗುವುದು ಒಂದು. ಐದರಲ್ಲಿ ಒಂದು ಪಾಲು ಕೆಳಗಿದ್ದರೆ ಐದೇ ಹಾಕಬೇಕು, ಆಗಲೂ ಹೋಗುವುದು ಒಂದೇ.

"ಗುಂಡಿ ಎಷ್ಟು ಆಳ ಅಂತ ನೋಡ್ಕೊಂಡು ಜನ ಹತ್ತಿಸೋದು ಮಾವ," ಅಂದಿದ್ದ. "ಜನ ಹತ್ತಿಸಿ ಆಮೇಲೆ ಗುಂಡಿ ಅಳೆಯೋದಲ್ಲ."

ಬೆಲೆ ಏರಿದರೆ ಇನ್ನಷ್ಟು ಸೇರಿಸುತ್ತಿದ್ದ, ಆದರೆ ಮೊದಲಿನದರ ಅರ್ಧ, ಆಮೇಲೆ ಅದರ ಅರ್ಧ. ಇಳಿಯುತ್ತಿರುವಾಗ ಸೇರಿಸಿದ್ದನ್ನು ಯಾರೂ ಕಂಡಿಲ್ಲ. ಇಳಿಯುವಾಗ ಎರಡರಷ್ಟು ಹಾಕು, ಒಂದೇ ಏಟಿಗೆ ವಾಪಸ್ ಬರುತ್ತೆ ಅಂತ ವರ್ಕ್‌ಶಾಪಿನಲ್ಲಿ ನಾಲ್ಕೈದು ಜನ ಅವನ ತಲೆ ತಿನ್ನುತ್ತಿದ್ದರು. ನನ್ನ ದೊಡ್ಡ ಮಗ ಕೂಡ. ಅವನು ಅಲ್ಲೇ ಸುಟ್ಟ ಮೋಟರಿನ ಕಾಯಿಲ್ ಸುತ್ತುವವನು, ಚಿಕ್ಕವನಿದ್ದಾಗ ಗೋಲಿಯಾಟದಲ್ಲೂ ಸೋತಾಗಲೆಲ್ಲ ಎರಡರಷ್ಟು ಕಟ್ಟುತ್ತಿದ್ದವನು. ಅಳಿಯ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: ನಿಮ್ಮ ದುಡ್ಡಲ್ಲಿ ಮಾಡಿ.

ಇನ್ನೊಂದು ಪದ್ಧತಿ ನಮ್ಮ ಕಸುಬಿನದೇ. ಲಿಫ್ಟಿನ ಕೆಲಸದಲ್ಲಿ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಜೋರಾಗಿ ತಿರುಗಿ ಹೇಳದೆ ಗುಂಡಿ ಒತ್ತುವಂತಿಲ್ಲ. ಕೆಳಗೆ ಅಂದರೆ ಅವನೂ ಕೆಳಗೆ ಅನ್ನಬೇಕು. ಎರಡನೇ ಬಾಯಿ ಅನ್ನುತ್ತೇವೆ ನಾವು. ಅಳಿಯ ವ್ಯಾಪಾರಕ್ಕೂ ಎರಡನೇ ಬಾಯಿ ಇಟ್ಟುಕೊಂಡಿದ್ದ. ತಗಡಿನ ಎರಡು ಸಾಲನ್ನೂ ಆ ಮನುಷ್ಯ ತಿರುಗಿ ಓದಿ ಮೂಲೆಯಲ್ಲಿ ಒಂದು ಗೀಟು ಹಾಕಬೇಕು. ಆಮೇಲೆ ಅಳಿಯನ ಹೆಬ್ಬೆಟ್ಟು. ಅದೂ ಅವನೇ ಇಟ್ಟುಕೊಂಡ ಕಾವಲು: ಕೊಳ್ಳುವುದಕ್ಕೆ ಮಾತ್ರ ಫೋನು ಹೆಬ್ಬೆಟ್ಟು ಕೇಳುತ್ತಿತ್ತು, ಬೇರೆ ಯಾವುದಕ್ಕೂ ನಾಲ್ಕು ಅಂಕಿ ಸಾಕು, ಅದು ಎರಡನೇ ಬಾಯಿಗೂ ಮನೆಯವರಿಗೂ ಗೊತ್ತಿತ್ತು.

ಮಂಗಳವಾರದ ತಗಡು ನನ್ನ ಚೀಲದಲ್ಲಿತ್ತು. ಮೂಲೆಯ ಗೀಟು ಎಡಕ್ಕೆ ವಾಲಿತ್ತು. ಎಡಗೈಯವರು ಹಾಕುವ ಗೀಟು ಅದು.

ಮೇಸ್ತ್ರಿ ಎಡಚ.

*

ಅವನು ಬಂದು ಬಾಗಿಲು ಮುಂದೆ ಮಾಡಿ ನಿಂತ. ಕೂರು ಅಂದೆ. ಪರವಾಗಿಲ್ಲ ದೊಡ್ಡಪ್ಪ ಅಂದ. ಕೂರು ಅಂತ ಇನ್ನೊಂದು ಸಲ ಹೇಳಲಿಲ್ಲ ನಾನು, ಸುಮ್ಮನೆ ನೋಡಿದೆ. ಕೂತ.

ಹತ್ತೊಂಬತ್ತನೇ ವಯಸ್ಸಿಗೆ ನನ್ನ ಕೈಕೆಳಗೆ ಬಂದವನು. ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಉಕ್ಕಿನ ಹಗ್ಗದ ಎಳೆ ಎಣಿಸುವವರೆಗೆ ನಾನೇ ಕಲಿಸಿದ್ದು. ಈಗ ಐವತ್ತು ದಾಟಿದೆ, ಹೊಟ್ಟೆ ಬಂದಿದೆ, ಎರಡು ಫೋನು ಇಟ್ಟುಕೊಂಡಿದ್ದಾನೆ.

ನಾನು ಮೊದಲು ತಂತಿಯ ತುಂಡನ್ನು ತೆಗೆದು ಕಾಗದದ ಮೇಲಿಟ್ಟೆ, ಅವನ ಸಹಿಯ ಪಕ್ಕದಲ್ಲಿ.

ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ ಅಂತ ಹೇಳಿದೆ. ಅಳಿಯ ಬಿದ್ದ ಕಟ್ಟಡಕ್ಕೆ. ಮಾಳಿಗೆಯ ಮೆಷಿನ್ ರೂಮಿಗೆ ಕಂಪನಿ ಹೊಸ ಬೀಗ ಹಾಕಿಸಿದೆ, ಆದರೆ ಅಲ್ಲಿನ ವಾಚ್‌ಮನ್ ಹಳೆಯ ಪರಿಚಯ, ಮಳೆನೀರು ಸೋರುತ್ತದೆ ನೋಡಬೇಕು ಅಂತ ತೆಗೆಸಿಕೊಂಡೆ. ಒಳಗೆ ಗವರ್ನರ್ ಇದೆ. ಲಿಫ್ಟು ಮಿತಿಮೀರಿ ಜಾರಿದರೆ ಈ ಚಕ್ರ ಕಚ್ಚಿಕೊಂಡು, ಕ್ಯಾಬಿನ್ನು ಹಳಿಯನ್ನು ಹಿಡಿದು ನಿಲ್ಲುವಂತೆ ಮಾಡುತ್ತದೆ. ಜೀವ ಉಳಿಸುವ ಚಕ್ರ ಅದು. ಅದನ್ನು ಯಾರೋ ಕಚ್ಚದಂತೆ ತಂತಿಯಿಂದ ಕಟ್ಟಿದ್ದರು. ಆಮೇಲೆ ಗಡಿಬಿಡಿಯಲ್ಲಿ ಕತ್ತರಿಸಿ ತೆಗೆದಿದ್ದರು. ಕತ್ತರಿಸುವಾಗ ಒಂದು ತುಂಡು ಚಕ್ರದ ಕೆಳಗೆ ಬಿದ್ದಿತ್ತು, ಗ್ರೀಸಿನಲ್ಲಿ ಅಂಟಿಕೊಂಡು.

ಮೂರು ಸುತ್ತು. ಎಡಕ್ಕೆ ತಿರುವಿದ್ದು. ತುದಿಯನ್ನು ಕೊಕ್ಕೆಯ ಹಾಗೆ ಒಳಕ್ಕೆ ಮಡಚಿದ್ದು, ಕೈಗೆ ಚುಚ್ಚಬಾರದು ಅಂತ.

"ತುದಿ ಒಳಕ್ಕೆ ಮಡಚು ಅಂತ ಹೇಳಿಕೊಟ್ಟವನು ನಾನೇ," ಎಂದೆ. "ಎಡಕ್ಕೆ ತಿರುವೋದು ಮಾತ್ರ ನಿನ್ನದು."

ಅವನು ತಂತಿಯನ್ನು ನೋಡಿದ, ಮುಟ್ಟಲಿಲ್ಲ.

ಬೆಳಿಗ್ಗೆಯಿಂದ ನನ್ನೊಳಗಿದ್ದದ್ದು ಅವನ ಮೇಲಿನ ಸಿಟ್ಟೊಂದೇ ಅಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮಾರುಕಟ್ಟೆಯ ಕಟ್ಟಡದಲ್ಲಿ ಇದೇ ಕೆಲಸ ಮಾಡಿದ್ದ ಇವನು. ಗವರ್ನರ್ ಪದೇಪದೇ ಕಚ್ಚುತ್ತದೆ, ಕಟ್ಟಡದವರು ಬೈಯುತ್ತಾರೆ ಅಂತ ಕಟ್ಟಿಹಾಕಿದ್ದ. ಪದೇಪದೇ ಯಾಕೆ ಕಚ್ಚುತ್ತದೆ ಅಂತ ನೋಡಲಿಲ್ಲ, ಕಚ್ಚುವುದನ್ನೇ ನಿಲ್ಲಿಸಿದ. ನಾನು ಕಂಡುಹಿಡಿದೆ. ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ, ಯಾರಿಗೂ ಹೇಳಲಿಲ್ಲ. ಆ ತಿಂಗಳು ಅವನ ಮದುವೆ ಇತ್ತು. ಮದುವೆಗೆ ಹೋಗಿ ಊಟ ಮಾಡಿ ಬಂದೆ, ಎರಡು ಸಲ ಬಡಿಸಿಕೊಂಡು.

ಆವತ್ತು ನಾನು ಬಾಯಿ ಬಿಟ್ಟಿದ್ದರೆ ಇವತ್ತು ನನ್ನ ಅಳಿಯ ಎದ್ದು ಓಡಾಡಿಕೊಂಡಿರುತ್ತಿದ್ದ.

"ಬ್ರೇಕಿನ ಲೈನಿಂಗು ಸವೆದಿತ್ತು, ಅದನ್ನು ಬದಲಿಸೋ ಮುಂಚೆಯೇ ಹಗ್ಗ ನೋಡು ಅಂತ ಅವನನ್ನು ಕ್ಯಾಬಿನ್ನಿನ ತಲೆ ಮೇಲೆ ಹತ್ತಿಸಿದಿರಿ," ಎಂದೆ. "ಮುಂದಿನ ತಿಂಗಳು ಸೊಂಟಕ್ಕೆ ಕಟ್ಟೋ ಬೆಲ್ಟು ತರಿಸ್ತೀವಿ ಅಂತ ಎಷ್ಟು ತಿಂಗಳಿಂದ ಹೇಳ್ತಿದಾರೆ ನಿನ್ನ ಯಜಮಾನರು? ಬ್ರೇಕು ಜಾರಿತು. ಗವರ್ನರ್ ಕಚ್ಚಬೇಕಿತ್ತು. ನೀನು ಅದರ ಬಾಯಿ ಕಟ್ಟಿದ್ದೆ. ಎರಡು ಮಹಡಿ ಜಾರಿದೆ ಕ್ಯಾಬಿನ್ನು. ಅವನು ಅಂಚಿಂದ ಗುಂಡಿಗೆ ಬಿದ್ದ. ಹಾರಿದ್ದಲ್ಲ. ನೀನು ಸಹಿ ಹಾಕುವಾಗ ನಿನಗೆ ಇದು ಗೊತ್ತಿತ್ತು."

ಕಟ್ಟಡದವರ ಕಾಟ ತಡೆಯಲಾರದೆ ಭಾನುವಾರವೇ ಕಟ್ಟಿದ್ದು, ಮಂಗಳವಾರ ಬ್ರೇಕು ಸರಿಯಾದ ಮೇಲೆ ಬಿಚ್ಚಬೇಕು ಅಂತಿದ್ದೆ ಅಂತ ಅವನು ಗೊಣಗಿದ. ಮೇಲಕ್ಕೆ ಹತ್ತುವ ಮೊದಲು ಅಳಿಯ ಕೇಳಿದನಂತೆ, ಗವರ್ನರ್ ನೋಡಿದ್ದೀಯಾ ಅಂತ. ಇವನು ನೋಡಿದ್ದೀನಿ ಅಂದನಂತೆ.

ಎರಡನೇ ಬಾಯಿ.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆ ಅಂತ ನನಗೇ ಗೊತ್ತಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದಿತ್ತು. ಎಪ್ಪತ್ತೆರಡು ವರ್ಷದಲ್ಲಿ ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಈಗ ನನ್ನ ಬಲಗೈ ಅವನ ಕೊರಳಪಟ್ಟಿಯಲ್ಲಿತ್ತು. ಅವನು ಬಿಡಿಸಿಕೊಳ್ಳಲಿಲ್ಲ. ಅದೇ ನನ್ನ ಕೈಯನ್ನು ಸಡಿಲ ಮಾಡಿದ್ದು.

ಕುರ್ಚಿ ಎತ್ತಿ ನಿಲ್ಲಿಸಿ ಮತ್ತೆ ಕೂತೆ. ತಗಡನ್ನು ತೆಗೆದು ತಂತಿಯ ಪಕ್ಕದಲ್ಲಿ ಇಟ್ಟೆ.

*

ಅಳಿಯ ಕಾಯಿನ್ ಕೊಳ್ಳುವ ಆಪು ಮಗಳ ಫೋನಿನಲ್ಲೂ ತೆರೆಯುತ್ತದೆ, ನೋಡುವುದಕ್ಕೆ ಮಾತ್ರ. ನೆನ್ನೆ ಆಸ್ಪತ್ರೆಯ ವರಾಂಡದಲ್ಲಿ ಕೂತು ಅವಳು ಮಂಗಳವಾರದ್ದನ್ನು ಒಂದೊಂದಾಗಿ ಓದಿದ್ದಳು, ನಾನು ಬೀಡಿ ಪೊಟ್ಟಣದ ಹಿಂದೆ ಬರೆದುಕೊಂಡಿದ್ದೆ. ಒಂಬತ್ತೂವರೆಗೆ ಮೊದಲ ಖರೀದಿ, ತಗಡಿನಲ್ಲಿದ್ದಷ್ಟೇ ಹೊರೆ, ಬೆಲೆ ಇಳಿಯುವ ಜಾಗಕ್ಕೆ ಬಂದರೆ ತಾನಾಗಿಯೇ ಮಾರಿಬಿಡುವ ಸ್ಟಾಪ್ ಕೂಡ ಇಟ್ಟಿತ್ತು. ಅದು ಅಳಿಯನದೇ, ಎರಡು ಮಾತಿಲ್ಲ. ಹತ್ತು ಇಪ್ಪತ್ತಕ್ಕೆ ಆ ಸ್ಟಾಪ್ ತೆಗೆದಿದ್ದಾರೆ. ಹತ್ತು ಐವತ್ತೆರಡಕ್ಕೆ ಮೊದಲಿನದರ ಎರಡರಷ್ಟು. ಹನ್ನೊಂದು ಐದಕ್ಕೆ ನಾಲ್ಕರಷ್ಟು, ಅದೂ ಇಡೀ ಗಂಟನ್ನು ಅಡವಿಟ್ಟು ಆಪಿನವರೇ ಕೊಡುವ ಸಾಲದ ಮೇಲೆ. ಬೆಲೆ ಇನ್ನೊಂದು ಮೆಟ್ಟಿಲು ಇಳಿಯಿತು. ಹನ್ನೊಂದು ಏಳಕ್ಕೆ ಆಪು ತನ್ನ ಸಾಲಕ್ಕೆ ಇಡೀ ಗಂಟನ್ನು ಬಾಚಿಕೊಂಡಿತು.

ಹನ್ನೊಂದು ಹತ್ತಕ್ಕೆ ವಾಚ್‌ಮನ್ ಕೂಗಿದ್ದು. ಗಂಟು ಹೋಯಿತು, ಮೂರು ನಿಮಿಷಕ್ಕೆ ಹಾರಿದ. ಯಜಮಾನರ ಕತೆ ಇಷ್ಟೇ, ಕೇಳುವುದಕ್ಕೆ ಅಚ್ಚುಕಟ್ಟಾಗಿದೆ.

"ಮೆಷಿನ್ ರೂಮಿನ ಕಂಟ್ರೋಲ್ ಪೆಟ್ಟಿಗೆ ಕೊನೆಯ ದೋಷದ ಹೊತ್ತನ್ನು ನೆನಪಿಟ್ಟುಕೊಳ್ಳುತ್ತೆ ಅಂತ ನಿನಗೂ ಗೊತ್ತು," ಎಂದೆ. "ತಂತಿ ಕತ್ತರಿಸೋ ಅವಸರದಲ್ಲಿ ಅದನ್ನು ಅಳಿಸೋಕೆ ಮರೆತೆ. ಹತ್ತು ನಲವತ್ತು ಅಂತಿದೆ. ನನ್ನ ಗಡಿಯಾರಕ್ಕೆ ಹಿಡಿದು ನೋಡಿದೆ, ಒಂದು ನಿಮಿಷ ಆಚೀಚೆ ಇಲ್ಲ. ಹತ್ತು ನಲವತ್ತಕ್ಕೆ ಬಿದ್ದವನು ಹತ್ತು ಐವತ್ತೆರಡಕ್ಕೆ ಏನು ಕೊಂಡಾನು?"

ಅವನ ಮುಖ ಬಿಳಿಚಿಕೊಂಡಿತು. ಬಿದ್ದ ಮೇಲೆ ಖರೀದಿ ಆದದ್ದು ಅವನಿಗೆ ಗೊತ್ತಿರಲಿಲ್ಲ. ಆಗ ನಾನು ಅದನ್ನು ನಟನೆ ಅಂದುಕೊಂಡೆ.

ಫೋನನ್ನು ಕೆಲಸಕ್ಕೆ ಹತ್ತುವಾಗ ಅಳಿಯ ಜೇಬಿನಲ್ಲಿ ಇಟ್ಟುಕೊಳ್ಳುವವನಲ್ಲ. ಮೆಷಿನ್ ರೂಮಿನ ಟೂಲ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ಎರಡನೇ ಕೀಲಿ ಎರಡನೇ ಬಾಯಿಯ ಹತ್ತಿರ. ಬಿದ್ದವನ ಅಂಗಿಯ ಜೇಬಿನಲ್ಲಿ ಆ ಫೋನು ಸಿಕ್ಕಿತು ಅಂತ ಎಲ್ಲರೂ ಹೇಳಿದಾಗಲೇ ನನಗೆ ಅನುಮಾನ ಬಂದಿತ್ತು. ಎಲ್ಲವನ್ನೂ ಅವನ ಮುಂದೆ ಹರವಿದೆ. ಸ್ಟಾಪ್ ತೆಗೆದದ್ದು ಯಾರು ಅಂತ ಕೇಳಿದೆ.

ಕೆಳಗೆ ಯಾರೋ ಗ್ರೈಂಡರ್ ಹಾಕಿದರು, ನಿಲ್ಲಿಸಿದರು.

"ನಾನೇ," ಅಂದ.

ಆರು ಸಲ ನೋಡಿದ್ದನಂತೆ. ಬೆಲೆ ಇಳಿಯುವ ಜಾಗದವರೆಗೆ ಬಂದು ಮುಟ್ಟುತ್ತದೆ, ಇವರನ್ನು ಇಳಿಸುತ್ತದೆ, ಆಮೇಲೆ ಇವರಿಲ್ಲದೆ ಮೇಲೆ ಹೋಗುತ್ತದೆ. ಆರು ಸಲ ಸಣ್ಣ ನಷ್ಟ, ಆರು ಸಲವೂ ತನ್ನ ಗೀಟು. ಹನ್ನೊಂದು ಜನ ತನ್ನನ್ನು ನೋಡಿ ನಗುತ್ತಾರೆ ಅನ್ನಿಸಿತಂತೆ. ಮಂಗಳವಾರ ಹತ್ತೂಕಾಲಿಗೆ ತನ್ನ ಫೋನಿನಲ್ಲಿ ಬೆಲೆ ನೋಡಿದ, ಇನ್ನೇನು ಮುಟ್ಟುತ್ತದೆ. ಪೆಟ್ಟಿಗೆ ತೆಗೆದು, ನಾಲ್ಕು ಅಂಕಿ ಒತ್ತಿ, ಸ್ಟಾಪ್ ತೆಗೆದುಬಿಟ್ಟ. ಅರ್ಧ ಗಂಟೆ ಬಿಟ್ಟು ಮತ್ತೆ ಇಟ್ಟರಾಯಿತು ಅಂತ.

"ಕಚ್ಚುವುದನ್ನೇ ನಿಲ್ಲಿಸಿದೆ," ಎಂದೆ.

"ಹೌದು ದೊಡ್ಡಪ್ಪ."

"ಅಲ್ಲೂ, ಇಲ್ಲೂ."

"ಹೌದು."

ಆಮೇಲೆ ಕೊಂಡೆ, ಬೆಲೆ ಇಳಿದಷ್ಟೂ ಕೊಂಡೆ, ಹೇಳು ಅದನ್ನೂ ಎಂದೆ. ಅವನು ತಲೆಯೆತ್ತಿದ. ಅಷ್ಟು ಹೊತ್ತು ಅವನು ನನ್ನ ಕಣ್ಣು ತಪ್ಪಿಸುತ್ತಿದ್ದ, ಈಗ ತಪ್ಪಿಸಲಿಲ್ಲ.

"ಕೊಂಡದ್ದು ನಾನಲ್ಲ. ಯಜಮಾನರು ಫೋನ್ ಮಾಡಿದ್ರು, ರಸ್ತೆಗೆ ಹೋಗಿ ಮಾತಾಡ್ತಾ ನಿಂತೆ, ಅವರನ್ನೇ ಕೇಳಿ, ಮುಕ್ಕಾಲು ಗಂಟೆ ಬೈಸಿಕೊಂಡಿದೀನಿ. ರಸ್ತೆ ಗಲಾಟೆಯಲ್ಲಿ ಅವನು ಬಿದ್ದ ಸದ್ದೂ ಕೇಳಿಲ್ಲ. ಅವಸರದಲ್ಲಿ ಪೆಟ್ಟಿಗೆಗೆ ಬೀಗ ಹಾಕದೆ ಬಂದಿದ್ದೆ, ಅದು ನನ್ನ ತಪ್ಪು. ಆದ್ರೆ ಕೊಳ್ಳೋಕೆ ಹೆಬ್ಬೆಟ್ಟು ಬೇಕು ದೊಡ್ಡಪ್ಪ. ಸ್ಟಾಪ್ ತೆಗೆಯೋಕೆ ನಾಲ್ಕು ಅಂಕಿ ಸಾಕು, ಕೊಳ್ಳೋಕೆ ಅವನ ಹೆಬ್ಬೆಟ್ಟೇ ಬೇಕು. ನನ್ನ ಹತ್ತಿರ ಎಲ್ಲಿಂದ ಬರುತ್ತೆ ಅದು?"

ಹೆಬ್ಬೆಟ್ಟು.

ಮಗಳು ಹೇಳಿದ್ದು ನೆನಪಾಯಿತು. ಮೊದಲ ದಿನ, ಆಸ್ಪತ್ರೆಯವರು ಕೊಟ್ಟ ಬಟ್ಟಲಲ್ಲಿ ಬಿಸಿನೀರು ಇಟ್ಟುಕೊಂಡು ಅವಳು ಗಂಡನ ಕೈ ತೊಳೆಯುತ್ತಿದ್ದಳು. ಉಕ್ಕಿನ ಹಗ್ಗದ ಗ್ರೀಸು ಅಷ್ಟು ಸುಲಭಕ್ಕೆ ಬಿಡುವುದಲ್ಲ, ಎಣ್ಣೆ ಹಾಕಿ ತಿಕ್ಕಬೇಕು. ತಿಕ್ಕುತ್ತಾ ತಿಕ್ಕುತ್ತಾ ಅವಳು ಅಂದಿದ್ದಳು, ನೋಡಪ್ಪ, ಒಂಬತ್ತು ಬೆರಳೂ ಕರ್ರಗಿವೆ, ಬಲಗೈ ಹೆಬ್ಬೆಟ್ಟು ಮಾತ್ರ ಯಾರೋ ತೊಳೆದಿಟ್ಟ ಹಾಗಿದೆ. ನರ್ಸು ಏನಾದರೂ ಒರೆಸಿರಬೇಕು ಅಂತ ನಾನೇ ಸಮಾಧಾನ ಹೇಳಿದ್ದೆ.

ನರ್ಸು ಒರೆಸಿದ್ದಲ್ಲ. ಗ್ರೀಸು ಮೆತ್ತಿದ ಹೆಬ್ಬೆಟ್ಟನ್ನು ಫೋನು ಗುರುತು ಹಿಡಿಯುವುದಿಲ್ಲ.

ಹತ್ತು ನಲವತ್ತರಿಂದ ಹನ್ನೊಂದು ಹತ್ತು. ಅರ್ಧ ಗಂಟೆ ಮೊದಲು ತಂದಿದ್ದರೆ ತಲೆಯೊಳಗಿನ ರಕ್ತ ಇಷ್ಟು ಹರಡುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದ್ದರು. ಆ ಅರ್ಧ ಗಂಟೆ ಅವನು ಗುಂಡಿಯಲ್ಲಿ ಒಬ್ಬನೇ ಬಿದ್ದಿದ್ದ ಅಂತ ನಾನು ಬೆಳಿಗ್ಗೆಯಿಂದ ಸಂಕಟಪಟ್ಟಿದ್ದೆ. ಅವನು ಒಬ್ಬನೇ ಇರಲಿಲ್ಲ. ಯಾರೋ ಇಳಿದು ಪಕ್ಕದಲ್ಲಿ ಕೂತಿದ್ದರು. ಉಸಿರಾಡುತ್ತಿದ್ದವನ ಕೈ ಎತ್ತಿ, ಒಂದು ಬೆರಳನ್ನು ಒರೆಸಿ, ಫೋನಿಗೆ ಒತ್ತಿ, ಬೆಲೆ ಏರುತ್ತದೆಯೋ ಅಂತ ಕಾದಿದ್ದರು. ಏರದಿದ್ದಾಗ ಮತ್ತೊಂದು ಸಲ ಕೈ ಎತ್ತಿದ್ದರು. ಯಾರನ್ನೂ ಕರೆಯಲಿಲ್ಲ. ಎಲ್ಲ ಮುಗಿದ ಮೇಲೆ ಫೋನನ್ನು ಅವನ ಜೇಬಿಗೆ ಇಳಿಸಿ ಎದ್ದರು.

ನನಗೆ ಮೊದಲು ಬಂದ ಸಿಟ್ಟು ಬಿಸಿ ಇತ್ತು. ಇದು ಹಾಗಿರಲಿಲ್ಲ.

"ನೀನು ರಸ್ತೆಯಿಂದ ವಾಪಸ್ ಬಂದಾಗ ಗುಂಡಿಯ ಬಾಗಿಲು ತೆರೆದಿತ್ತಾ?"

ಮೇಸ್ತ್ರಿ ಕಾಗದದ ಅಂಚನ್ನು ಉಗುರಿನಿಂದ ಮಡಚತೊಡಗಿದ.

"ತೆರೆದಿತ್ತಾ ಅಂತ ಕೇಳಿದೆ."

"ತೆರೆದಿತ್ತು."

"ಒಳಗೆ ಯಾರಿದ್ದರು?"

"ಬಿಡಿ ದೊಡ್ಡಪ್ಪ."

"ಯಾರಿದ್ದರು?"

ಅವನು ಕಾಗದವನ್ನು ಬಿಟ್ಟ. ಇಪ್ಪತ್ತೆರಡು ವರ್ಷದ ಹಿಂದೆ, ನಾನು ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡಾಗ ನೋಡಿದ ಹಾಗೆಯೇ ನನ್ನನ್ನು ನೋಡಿದ.

"ನಿಮ್ಮ ದೊಡ್ಡ ಮಗ," ಅಂದ. "ಫ್ಯಾನಿನ ಮೋಟರ್ ಸುತ್ತಿ ತಂದಿದ್ದನಲ್ಲ ಆವತ್ತು, ಮೆಷಿನ್ ರೂಮಲ್ಲೇ ಇದ್ದ. ನಾನು ಬಂದಾಗ ಗುಂಡಿಯಲ್ಲಿ ನಿಮ್ಮ ಅಳಿಯನ ಪಕ್ಕ ಮಂಡಿಯೂರಿ ಅಳ್ತಾ ಇದ್ದ. ಕೈಯಲ್ಲಿ ಬಟ್ಟೆ ಇತ್ತು, ರಕ್ತ ಒರೆಸ್ತಿದಾನೆ ಅಂದುಕೊಂಡೆ. ಈಗ ತಾನೇ ನೋಡಿದೆ, ನೀನು ಹೋಗಿ ವಾಚ್‌ಮನ್‌ನ ಕರಿ ಅಂದ. ನಾನು ಹೋದೆ. ಆಮೇಲೆ ಅವನು ಎಲ್ಲರ ಹತ್ತಿರ ವಾಚ್‌ಮನ್ ಕೂಗಿದ ಮೇಲೆ ಓಡಿ ಬಂದೆ ಅಂತ ಹೇಳ್ತಿದ್ದ. ಕೇಳಿದೆ. ಸುಮ್ಮನಿದ್ದೆ."

"ಯಾಕೆ ಸುಮ್ಮನಿದ್ದೆ?"

"ನೀವು ನಂದು ಒಂದು ಮುಚ್ಚಿಟ್ಟಿದ್ರಿ. ನಾನೂ ನಿಮ್ಮದೊಂದು ಮುಚ್ಚಿಟ್ಟೆ."

ಮೂರು ದಿನದಿಂದ ನನ್ನ ಮಗ ಆಸ್ಪತ್ರೆ ಬಿಟ್ಟು ಕದಲಿಲ್ಲ. ಕುರ್ಚಿಯಲ್ಲೇ ನಿದ್ದೆ, ಅಲ್ಲೇ ಚಹಾ. ತಂಗಿಗೆ ಇಂಥ ಅಣ್ಣ ಇರಬೇಕು ಅಂತ ನರ್ಸುಗಳು ನನಗೇ ಹೇಳಿದ್ದರು. ನಾನು ಹೆಮ್ಮೆಯ ಮುಖ ಮಾಡಿಕೊಂಡು ನಿಂತಿದ್ದೆ.

ಗಡಿಯಾರದಲ್ಲಿ ಮೂರು ಹತ್ತು. ಮೆಟ್ಟಿಲ ಮೇಲೆ ಯಜಮಾನರ ಚಪ್ಪಲಿ ಸದ್ದು ಕೇಳಿಸುವ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನು ಬಡಿಯಿತು. ಮಗಳು. ಅವಳ ದನಿಯಲ್ಲಿ ನಗುವೂ ಅಳುವೂ ಕಲಸಿಹೋಗಿತ್ತು, ಹಿಂದಿನಿಂದ ಬಸ್ಸಿನ ಹಾರನ್ನು.

"ಅಪ್ಪಾ, ಕಣ್ಣು ಬಿಟ್ಟರು. ಮಾತು ಇನ್ನೂ ಬಂದಿಲ್ಲ, ಆದ್ರೆ ಗುರುತು ಹಿಡೀತಾರೆ, ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು. ಒಂದೇ ಒಂದು ವಿಚಿತ್ರ. ಅಣ್ಣ ಹತ್ತಿರ ಬಂದ ತಕ್ಷಣ ನನ್ನ ಕೈ ಬಿಟ್ಟು, ಹೆಬ್ಬೆಟ್ಟನ್ನ ಮುಷ್ಟಿಯೊಳಗೆ ಮುಚ್ಚಿಟ್ಕೊಂಡ್ರು. ಎಷ್ಟು ಬಿಡಿಸಿದ್ರೂ ಬಿಡಲ್ಲ, ಮಗು ಥರ."

ನೀನು ಎಲ್ಲಿದ್ದೀಯ ಅಂತ ಕೇಳಿದೆ.

"ಬಸ್ಸಲ್ಲಿ. ಮೂರು ದಿನ ಆಯ್ತು, ಮನೆಗೆ ಹೋಗಿ ಸ್ನಾನ ಮಾಡಿ ಬಾ, ನಾನೊಬ್ನೇ ನೋಡ್ಕೋತೀನಿ ಅಂದ ಅಣ್ಣ. ಹೊರಟು ಇಪ್ಪತ್ತು ನಿಮಿಷ ಆಯ್ತು."